ಪದ ಬೇಕು, ತುರ್ತು: ‘ಕಂಟ್ರೋಲ್ ಪ್ಲೇನ್’, ‘ಯೂಸರ್ ಪ್ಲೇನ್’

ಎಲ್ಲರಿಗೂ ನಮಸ್ಕಾರ. ಮೊಬೈಲ್ ಜಾಲದ ಬಗ್ಗೆ ತಂತ್ರಜ್ಞರ ಕೈಪಿಡಿಯೊಂದನ್ನು ಅನುವಾದ ಮಾಡುತ್ತಿದ್ದೇನೆ. ಒಂದು ಚಿತ್ರದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಗೇಟ್‌ವೇಯನ್ನು (ಫೋನಿನ ಡೇಟಾ ಹಾದುಹೋಗುವ ಜಾಲದ ಪೆಟ್ಟಿಗೆ) ಎರಡು ಹೋಳು ಮಾಡಿ, ಒಂದಕ್ಕೆ ಕಂಟ್ರೋಲ್ ಪ್ಲೇನ್, ಇನ್ನೊಂದಕ್ಕೆ ಯೂಸರ್ ಪ್ಲೇನ್ ಅಂತ ಬರೆದಿದ್ದಾರೆ. ಯಾವ ಫೋನಿಗೆ ಯಾವ ವಿಳಾಸ, ಎಷ್ಟು ವೇಗ ಅಂತ ತೀರ್ಮಾನಿಸುವುದು ಮೊದಲನೆಯದು. ವಿಡಿಯೊ, ಚಿತ್ರ, ಸಂದೇಶ ಎಲ್ಲವನ್ನೂ ಹೊತ್ತು ಸಾಗಿಸುವುದು ಎರಡನೆಯದು. ‘ನಿಯಂತ್ರಣ ಸಮತಲ’, ‘ಬಳಕೆದಾರ ಸಮತಲ’ ಅಂತ ಹಾಕಿದೆ. ಓದಿದರೆ ನನಗೇ ನಗು ಬರುತ್ತಿದೆ. ಚೌಕದೊಳಗೆ ಎರಡೇ ಪದಕ್ಕೆ ಜಾಗ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ದಯವಿಟ್ಟು ನೆರವಾಗಿ.

ಮರು:

ಸಮತಲ ರೇಖಾಗಣಿತದ್ದು, ಅಲ್ಲೇ ಇರಲಿ. ‘ಅಂಕೆಯ ಹಾಸು’, ‘ಸಾಗಣೆಯ ಹಾಸು’ ಅನ್ನಿ. ಅಂಕೆ ತಪ್ಪಿದ, ಅಂಕೆಯಲ್ಲಿಡು ಅಂತ ದಿನಾ ಆಡುತ್ತೇವೆ. ಕಲ್ಲುಹಾಸು ಅನ್ನುವ ಕನ್ನಡಿಗನಿಗೆ ಪ್ಲೇನ್‌ಗೆ ಪದ ಹುಡುಕುವ ಜರೂರು ಏನಿದೆ? ಗೇಟ್‌ವೇಗೆ ಹೆಬ್ಬಾಗಿಲು. ಇಡೀ ಏರ್ಪಾಟಿಗೆ ‘ಹಾಸು ವಿಂಗಡಣೆ’. ಮುಗಿಯಿತು.

ಮರು:

ಮುಗಿದಿಲ್ಲ ಸರ್. ಅಂಕೆ ಅಂದರೆ ಓದುವವನಿಗೆ 1, 2, 3. ಮೊಬೈಲ್ ಕೈಪಿಡಿಯಲ್ಲಿ ‘ಅಂಕೆಯ ಹಾಸು’ ಕಂಡರೆ ನಂಬರ್ ಪಟ್ಟಿ ಅಂದುಕೊಳ್ಳುತ್ತಾನೆ. ಇನ್ನು ‘ಪದರ’ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ಲೇಯರ್ ಅನ್ನುವುದಕ್ಕೆ ಪದರ ಆಗಲೇ ಕೂತಿದೆ. ಪದರಗಳು ಒಂದರ ಮೇಲೊಂದು ಇರುತ್ತವೆ. ಪ್ಲೇನ್ ಹಾಗಲ್ಲ, ಮೇಲಿಂದ ಕೆಳಗೆ ಸೀಳಿದ ಹೋಳು. ಎರಡೂ ಹೋಳಿಗೆ ತಮ್ಮ ತಮ್ಮ ಪದರಗಳಿವೆ.

ಪ್ಲೇನ್ ಅನ್ನುವ ಪದವನ್ನೇ ಯಾಕೆ ಅನುವಾದ ಮಾಡಬೇಕು? ‘ನಿಯಂತ್ರಣ ಬದಿ’, ‘ಡೇಟಾ ಬದಿ’ ಅಂದರೆ ಸಾಕಲ್ವಾ?

ಮರು:

ನಾನು ಇದೇ ಕೆಲಸದಲ್ಲಿರುವವನು. ಪ್ಲೇನ್ ಜಗಳ ನೀವೇ ಮಾಡಿಕೊಳ್ಳಿ, ನನ್ನ ತಕರಾರು ‘ವಿಂಗಡಣೆ’ ಬಗ್ಗೆ. 4ಜಿ ಗೇಟ್‌ವೇಯಲ್ಲಿ ಇವೆರಡೂ ಮೊದಲಿಂದಲೂ ವಿಂಗಡವಾಗಿಯೇ ಇದ್ದವು. ಹೇಳಿಕೆ ಕೇಳಿಕೆಗೆ ಜಿಟಿಪಿ-ಸಿ ಅನ್ನುವ ಪ್ರೋಟೊಕಾಲ್ (ಯಂತ್ರಗಳು ಮಾತಾಡುವ ಕಟ್ಟಳೆ), ಅದರ ಯುಡಿಪಿ ಪೋರ್ಟ್ (ಒಳಬರುವ ಬಾಗಿಲಿನ ಸಂಖ್ಯೆ) 2123. ಡೇಟಾಗೆ ಜಿಟಿಪಿ-ಯು, ಪೋರ್ಟ್ 2152. ಎರಡೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು, ಅಷ್ಟೆ. 2017ರಲ್ಲಿ, ಮೊಬೈಲ್ ಜಾಲದ ಮಾನದಂಡ ಬರೆಯುವ 3ಜಿಪಿಪಿಯ 14ನೇ ರಿಲೀಸ್ ಆ ಪೆಟ್ಟಿಗೆಯನ್ನೇ ಒಡೆಯಿತು. ಎಸ್‌ಜಿಡಬ್ಲ್ಯು ಅನ್ನುವ ಗೇಟ್‌ವೇ ಇದ್ದದ್ದು ಎಸ್‌ಜಿಡಬ್ಲ್ಯು-ಸಿ ಮತ್ತು ಎಸ್‌ಜಿಡಬ್ಲ್ಯು-ಯು ಆಯಿತು. ಪಿಜಿಡಬ್ಲ್ಯು ಅನ್ನುವ ಇನ್ನೊಂದು ಗೇಟ್‌ವೇ ಕೂಡ ಹಾಗೆಯೇ. ದೂರ ದೂರ ಕೂತವು ಮಾತಾಡಿಕೊಳ್ಳಬೇಕಲ್ಲ, ಅದಕ್ಕೆ ಪಿಎಫ್‌ಸಿಪಿ ಅಂತ ಹೊಸ ಪ್ರೋಟೊಕಾಲ್ ಬಂತು, ಪೋರ್ಟ್ 8805. ಇಂಥ ಪ್ಯಾಕೆಟ್ (ಡೇಟಾದ ತುಣುಕು) ಬಂದರೆ ಗುರುತಿಸು, ಅಲ್ಲಿಗೆ ಕಳಿಸು, ಇಷ್ಟು ಲೆಕ್ಕ ಇಡು ಅಂತ ನಿಯಮಗಳನ್ನು ಒಂದು ಹೋಳು ಇನ್ನೊಂದಕ್ಕೆ ಹೇಳುತ್ತದೆ. 5ಜಿಯಲ್ಲಿ ತೀರ್ಮಾನಿಸುವ ಎಸ್‌ಎಂಎಫ್ ಮತ್ತು ಸಾಗಿಸುವ ಯುಪಿಎಫ್ ನಡುವೆಯೂ ಇದೇ ಪ್ರೋಟೊಕಾಲ್.

ವಿಡಿಯೊ ನೋಡುವವರು ಜಾಸ್ತಿಯಾದರೆ ಸಾಗಿಸುವ ಹೋಳನ್ನಷ್ಟೇ ಹೆಚ್ಚಿಸಬಹುದು, ಬಳಸುವವರ ಹತ್ತಿರಕ್ಕೇ ತಂದಿಡಬಹುದು. ತೀರ್ಮಾನಿಸುವ ಹೋಳು ಇದ್ದಲ್ಲೇ ಇರುತ್ತದೆ. ಹೀಗಾಗಿ ಕಾಳು ಜೊಳ್ಳು ವಿಂಗಡಿಸಿದಂತೆ ಅಲ್ಲ ಇದು. ಅಂಟಿಕೊಂಡಿದ್ದನ್ನು ಬಿಡಿಸಿದ್ದು. ‘ಬೇರ್ಪಡಿಕೆ’ ಅನ್ನಿ.

ಹಾಗೇ, ಟ್ರಾಫಿಕ್ ಅಂತಿದ್ದ ಕಡೆಯೆಲ್ಲ ‘ದಟ್ಟಣೆ’ ಹಾಕಿಬಿಡಬೇಡಿ. ಒಂದೇ ಪ್ಯಾಕೆಟ್ ಹೋದರೂ ಅದು ಟ್ರಾಫಿಕ್ಕೇ. ದಟ್ಟಣೆ ಆಮೇಲಿನ ಕಾಯಿಲೆ. ನಾವಂತೂ ಕೆಲಸದಲ್ಲಿ ಸುಮ್ನೆ ‘ಸಿ ಪ್ಲೇನ್’, ‘ಯು ಪ್ಲೇನ್’ ಅನ್ನುತ್ತೇವೆ.

ಮರು:

> ಸುಮ್ನೆ ‘ಸಿ ಪ್ಲೇನ್’, ‘ಯು ಪ್ಲೇನ್’ ಅನ್ನುತ್ತೇವೆ

ಕೆಲಸದಲ್ಲಿ ಬಾಯಿಗೆ ಬಂದದ್ದೇ ಕನ್ನಡ ಆಗುವುದಾದರೆ ಪದಚರ್ಚೆ ಯಾಕೆ? ಬೇರ್ಪಡಿಕೆ ಒಪ್ಪಿದೆ, ಅದು ನಮ್ಮದೇ ಪದ. ‘ಬದಿ’ ಒಪ್ಪಲ್ಲ. ದಾರಿಬದಿ ಅಂದಂತೆ ಅಂಚಿನಲ್ಲಿ ಬಿದ್ದದ್ದು ಅನಿಸುತ್ತದೆ. ‘ಡೇಟಾ’ ಬೇಡವೇ ಬೇಡ. ‘ದತ್ತಾಂಶ’ವೂ ಬೇಡ, ಸಂಸ್ಕೃತ. ಸಾಗಣೆ ಅನ್ನಿ.

ಮರು:

ತಮಾಷೆ ನೋಡಿ. ಲ್ಯಾಟಿನ್‌ನಲ್ಲಿ ಡೇಟಮ್ ಅಂದರೆ ಕೊಟ್ಟದ್ದು. ಸಂಸ್ಕೃತದಲ್ಲಿ ದತ್ತ ಅಂದರೂ ಕೊಟ್ಟದ್ದು. ಒಂದೇ ಬೇರಿನ ಎರಡು ಕೊಂಬೆ. ನೀವು ಎರಡನ್ನೂ ಒಟ್ಟಿಗೆ ಹೊರಗಟ್ಟಿದಿರಿ, ಅಷ್ಟರ ಮಟ್ಟಿಗೆ ನ್ಯಾಯ ಸರಿಯಾಗಿದೆ! ಆದರೆ ನಿಮ್ಮ ಮೊದಲ ಪತ್ರದಲ್ಲಿ ‘ಜರೂರು’ ಅಂತ ಇತ್ತಲ್ಲ, ಅದು ಅರಬ್ಬಿ. ಹಳೆ ಸಾಲ ಮರೆತುಹೋಗುತ್ತದೆ, ಹೊಸದು ಮಾತ್ರ ಚುಚ್ಚುತ್ತದೆ ಅಲ್ವಾ?

ಹೆಬ್ಬಾಗಿಲು ಚೆಂದದ ಪದವೇ. ಆದರೆ ಈಗ ಅದನ್ನೂ ಒಡೆದಾಗಿದೆ. ‘ಹೆಬ್ಬಾಗಿಲು-ಸಿ’, ‘ಹೆಬ್ಬಾಗಿಲು-ಯು’ ಅಂತ ಬರೆಯುತ್ತೀರಾ?

ಮರು:

ಹೌದು, ಬರೆಯುತ್ತೇನೆ. ಸಿ, ಯು ಕೂಡ ತೆಗೆದು ಬರೆಯುತ್ತೇನೆ. ‘ಹೇಳುವ ಬಾಗಿಲು’, ‘ಹೊರುವ ಬಾಗಿಲು’. ಚೌಕದಲ್ಲಿ ಹಿಡಿಸುತ್ತದೆ, ಅಳೆದುಕೊಳ್ಳಿ.

ಮರು:

ಕೇಳಿದವಳು ನಾನು. ಅಚ್ಚಿಗೆ ಕಳಿಸಿ ಆಯಿತು. ಚೌಕದಲ್ಲಿ ‘ನಿಯಂತ್ರಣ ಬದಿ’, ‘ಡೇಟಾ ಬದಿ’. ತಲೆಬರಹದಲ್ಲಿ ‘ಬೇರ್ಪಡಿಕೆ’. ಗೇಟ್‌ವೇ ಗೇಟ್‌ವೇಯಾಗಿಯೇ ಉಳಿಯಿತು, ಯಾಕೆಂದರೆ ಪೆಟ್ಟಿಗೆ ಮೇಲೆ, ಪರದೆ ಮೇಲೆ ಅವರಿಗೆ ಕಾಣುವುದು ಅದೇ ಪದ. ‘ಹೇಳುವ’, ‘ಹೊರುವ’ ಎರಡನ್ನೂ ಚಿತ್ರದ ಕೆಳಗಿನ ವಿವರಣೆಯಲ್ಲಿ ಸೇರಿಸಿದೆ. ಸರ್, ಅದು ನಿಜಕ್ಕೂ ಅರ್ಥ ಬಿಡಿಸಿತು.

ಮುಂದಿನ ಅಧ್ಯಾಯದಲ್ಲಿ ಜಿಟಿಪಿ ‘ಟನೆಲ್’ (ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಸುತ್ತಿ ಸಾಗಿಸುವ ದಾರಿ) ಬರುತ್ತದೆ. ‘ಸುರಂಗ’ ಅಂದರೆ ಯಾರದೂ ತಕರಾರು ಇಲ್ಲ ತಾನೆ?

ಮರು:

ಇದೆ. ಸುರಂಗ ಸಂಸ್ಕೃತದಿಂದ ಬಂದದ್ದು.

ಮರು:

ಸಂಸ್ಕೃತಕ್ಕೆ ಅದು ಗ್ರೀಕಿನ ಸಿರಿಂಕ್ಸ್‌ನಿಂದ ಬಂದದ್ದು. ಮುಂದುವರಿಸಿ.