ಪಿಯಾನಿಸ್ಟ್‌ಗಳು ಪಾಠಕ್ಕೆ ಇಳಿಯೋದು ಕೈಸೋತ ಮೇಲಾ? ಲಿಯಾನ್ ಫ್ಲೈಷರ್ ಬಗ್ಗೆ ತಿಳಿದವರು ಹೇಳಿ

ತುಂಗಾತೀರ:
ಮಗಳು ಬೆಂಗಳೂರಿನಲ್ಲಿ ಪಿಯಾನೋ ಕಲಿಯುತ್ತಿದ್ದಾಳೆ, ಈಗ ಗ್ರೇಡ್ 6. ಮುಂದೆ ಇದನ್ನೇ ಓದುತ್ತೇನೆ ಅಂತಾಳೆ. ಮನೆಯಲ್ಲಿ ಎಲ್ಲರದೂ ಒಂದೇ ರಾಗ: ಕಛೇರಿ ಸಿಗದಿದ್ದರೆ ಕೊನೆಗೆ ಪಾಠ ಹೇಳಿಕೊಂಡು ಕೂರಬೇಕಾಗುತ್ತೆ ಅಂತ. ಪಾಠ ಹೇಳೋದು ಸೋತವರ ಕೆಲಸ ಅನ್ನೋ ಹಾಗೆ. ಅದಕ್ಕೆ ಉದಾಹರಣೆಯಾಗಿ ಒಬ್ಬರು ಅಮೆರಿಕದ ಪಿಯಾನಿಸ್ಟ್ ಲಿಯಾನ್ ಫ್ಲೈಷರ್ ಹೆಸರು ಹೇಳಿದರು, ಬಲಗೈ ಕೆಟ್ಟ ಮೇಲೆ ಮೇಷ್ಟ್ರಾದವರು ಅಂತ. ಇದು ನಿಜಾನಾ?

ಹಳೇ_ರೆಕಾರ್ಡ್:
ಕೈ ಕೆಟ್ಟಿದ್ದು ನಿಜ, ಉಳಿದದ್ದು ತಲೆಕೆಳಗು. ಬಾಲ್ಟಿಮೋರಿನ ಪೀಬಡಿ ಸಂಗೀತ ಶಾಲೆಯಲ್ಲಿ ಅವರು ಪಾಠ ಶುರು ಮಾಡಿದ್ದು 1959ರಲ್ಲಿ. ಆಗ ಅವರಿಗೆ ಒಳ್ಳೇ ಕಾಲ. 16ನೇ ವಯಸ್ಸಿಗೇ ನ್ಯೂಯಾರ್ಕ್ ಫಿಲ್‌ಹಾರ್ಮಾನಿಕ್ ಜೊತೆ ನುಡಿಸಿದ್ದರು, 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸ್ಪರ್ಧೆ ಗೆದ್ದಿದ್ದರು, ಜಾರ್ಜ್ ಸೆಲ್ ನಡೆಸುತ್ತಿದ್ದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜೊತೆ ಇವತ್ತಿಗೂ ಜನ ಹುಡುಕಿ ಕೇಳುವ ಬ್ರಾಮ್ಸ್, ಬೀಥೋವನ್ ಕಾನ್ಸರ್ಟೋಗಳ (ಆರ್ಕೆಸ್ಟ್ರಾ ಜೊತೆ ಪಿಯಾನೋ ನುಡಿಸುವ ಕೃತಿಗಳು) ರೆಕಾರ್ಡಿಂಗ್ ನಡೆಯುತ್ತಿದ್ದ ದಿನಗಳು ಅವು. ಬಲಗೈ ಕೈಕೊಟ್ಟಿದ್ದು 1964ರ ಸುಮಾರಿಗೆ.

ಇನ್ನೊಂದು ವಿಷಯ. 9 ವರ್ಷಕ್ಕೇ ಅವರು ಪಿಯಾನಿಸ್ಟ್ ಆರ್ತುರ್ ಶ್ನಾಬೆಲ್ ಹತ್ತಿರ ಕಲಿಯಲು ಇಟಲಿಗೆ ಹೋದವರು. ಶ್ನಾಬೆಲ್ ಗುರು ಲೆಶೆಟಿಟ್ಸ್‌ಕಿ, ಅವರ ಗುರು ಚೆರ್ನಿ, ಚೆರ್ನಿಗೆ ಗುರು ಸ್ವತಃ ಬೀಥೋವನ್. ಇಂಥ ಗುರುಪರಂಪರೆಯಲ್ಲಿ ಬೆಳೆದವರು ಪಾಠವನ್ನು ಕೀಳಾಗಿ ನೋಡ್ತಾರಾ?

ಬಿಳಿ_ನಾಲ್ಕು:
ಒಪ್ಪಿದೆ. ಆದರೂ ಕೈ ಚೆನ್ನಾಗಿದ್ದಿದ್ದರೆ ಅಷ್ಟು ಪಾಠ ಹೇಳ್ತಿದ್ರಾ ಅಂತ ಕೇಳಲೇಬೇಕು. ಊರೂರು ಸುತ್ತುವ ಕಲಾವಿದರಿಗೆ ಶಿಷ್ಯರ ಪಕ್ಕ ಕೂರೋಕೆ ಪುರುಸೊತ್ತು ಎಲ್ಲಿ? ಮತ್ತೆ, ಮಗುವಿಗೆ ಈ ಕಥೆ ಹೇಳುವಾಗ ಕೈ ಯಾಕೆ ಕೆಟ್ಟಿತು ಅನ್ನೋದನ್ನೂ ಹೇಳಿ. ಗಂಟೆಗಟ್ಟಲೆ ಸುಮ್ನೆ ಕುಟ್ಟೋದೇ ಸಾಧನೆ ಅಂತ ತುಂಬ ಮಕ್ಕಳು ನಂಬಿದ್ದಾರೆ.

ಎಡಗೈ_ಕೇಳುಗ:
ಅದು ಫೋಕಲ್ ಡಿಸ್ಟೋನಿಯಾ. ಬೆರಳಿಗೆ ಗಾಯ ಏನೂ ಇರಲ್ಲ, ಮಿದುಳಿನಿಂದ ಬರೋ ಸಂದೇಶವೇ ಎಡವಟ್ಟಾಗುತ್ತೆ. ಫ್ಲೈಷರ್ ಅವರ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ತಾವಾಗಿಯೇ ಅಂಗೈ ಒಳಗೆ ಮಡಚಿಕೊಳ್ಳುತ್ತಿದ್ದವು. ಮಿತಿಮೀರಿದ ಅಭ್ಯಾಸವೂ ಒಂದು ಕಾರಣ ಅಂತ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಬಿಳಿ_ನಾಲ್ಕು ಹೇಳಿದ್ದು ತುಂಬ ಮುಖ್ಯ.

ಆಮೇಲೆ ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಆರ್ಕೆಸ್ಟ್ರಾ ನಡೆಸಿದರು. ರಾವೆಲ್ ಅವರ ಎಡಗೈ ಕಾನ್ಸರ್ಟೋ ಒಮ್ಮೆ ಕೇಳಿ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನಿಸ್ಟ್ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ಬರೆದದ್ದು ಅದು. ಎಡಗೈಯ ಹೆಬ್ಬೆರಳು ಬಲಗಡೆ ಇರುತ್ತಲ್ವಾ, ಮೇಲಿನ ಸ್ವರಗಳ ಕಡೆಗೆ. ಹಾಡಿನಂಥ ಸಾಲು ಹೆಚ್ಚಾಗಿ ಆ ಹೆಬ್ಬೆರಳಿಗೆ ಬರುತ್ತೆ, ಕೆಳಗಿನ ತುಂಬುಸ್ವರ ಉಳಿದ ಬೆರಳುಗಳದ್ದು. ಕಣ್ಣು ಮುಚ್ಚಿ ಕೇಳಿದರೆ ಒಂದೇ ಕೈ ಅಂತ ನಂಬೋಕಾಗಲ್ಲ.

ಪಾಠದ ವಿಷಯಕ್ಕೆ ಬಂದರೆ, ಕೈ ಕೆಟ್ಟಿದ್ದರಿಂದ ಅವರ ಪಾಠದ ರೀತಿ ಬದಲಾಯಿತು. ಮೊದಲೆಲ್ಲ ಶಿಷ್ಯರನ್ನು ಎಬ್ಬಿಸಿ ತಾವೇ ನುಡಿಸಿ ತೋರಿಸಬಹುದಿತ್ತು. ಆಮೇಲೆ ಅದು ಆಗಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಏನಾಗಬೇಕು ಅನ್ನೋದನ್ನು ಮಾತಿನಲ್ಲೇ ಹುಡುಕಿ ಹೇಳಬೇಕಾಯಿತು. ಇದರಿಂದ ತಾವು ಇನ್ನೂ ಒಳ್ಳೇ ಮೇಷ್ಟ್ರಾದೆ ಅಂತ ಅವರು ನಂಬಿದ್ದರು. 90ರ ದಶಕದಲ್ಲಿ ಬೊಟಾಕ್ಸ್ ಇಂಜೆಕ್ಷನ್‌ನಿಂದ ಬೆರಳು ಸಡಿಲವಾಗಿ ಮತ್ತೆ ಎರಡೂ ಕೈಯಲ್ಲಿ ನುಡಿಸಿದರು. ಪೂರ್ತಿ ವಾಸಿ ಆಗಿರಲಿಲ್ಲ. ಆದರೂ ಕಛೇರಿ ವಾಪಸ್ ಸಿಕ್ಕಿತು ಅಂತ ಪಾಠ ಬಿಡಲಿಲ್ಲ ನೋಡಿ. ಪುರುಸೊತ್ತಿನ ಪ್ರಶ್ನೆಗೆ ನನ್ನ ಉತ್ತರ ಇದೇ.

ತುಂಗಾತೀರ:
ಇವತ್ತೇ ಮನೆಯಲ್ಲಿ ಓದಿ ಹೇಳ್ತೀನಿ. ಮಗಳಿಗೆ ಕೆಲವೊಮ್ಮೆ ಮಣಿಕಟ್ಟು ನೋವು ಬರುತ್ತೆ, ಅದಕ್ಕೇ ಈ ಡಿಸ್ಟೋನಿಯಾ ಓದಿ ಗಾಬರಿ ಆಯ್ತು.

ಎಡಗೈ_ಕೇಳುಗ:
ನೋವೇ ಬೇರೆ, ಡಿಸ್ಟೋನಿಯಾನೇ ಬೇರೆ, ಅದು ಅಪರೂಪ ಕೂಡ. ಆದರೆ ನೋವು ಬಂದಾಗ ನುಡಿಸೋದು ನಿಲ್ಲಿಸಲಿ. ಟೀಚರ್‌ಗೆ ಕೂರುವ ಎತ್ತರ, ಮಣಿಕಟ್ಟು ಎರಡನ್ನೂ ನೋಡಲು ಹೇಳಿ. ಪದೇಪದೇ ಬಂದರೆ ಡಾಕ್ಟರ್‌ಗೆ ತೋರಿಸಿ.

ಹಳೇ_ರೆಕಾರ್ಡ್:
ಯೆಫಿಮ್ ಬ್ರಾನ್‌ಫ್‌ಮನ್, ಆಂಡ್ರೆ ವಾಟ್ಸ್, ಈ ಇಬ್ಬರು ಹೆಸರಾಂತ ಪಿಯಾನಿಸ್ಟ್‌ಗಳೂ ಫ್ಲೈಷರ್ ಶಿಷ್ಯರೇ. ಇನ್ನೊಬ್ಬ ಶಿಷ್ಯ ಜೊನಾಥನ್ ಬಿಸ್ ದೊಡ್ಡ ಆರ್ಕೆಸ್ಟ್ರಾಗಳ ಜೊತೆ ನುಡಿಸುತ್ತಲೇ ಪಾಠವನ್ನೂ ಮಾಡಿದವರು. ಬೀಥೋವನ್ ಸೊನಾಟಾಗಳ (ಪಿಯಾನೋ ಒಂದಕ್ಕೇ ಬರೆದ ಕೃತಿಗಳು) ಬಗ್ಗೆ ಕೋರ್ಸೆರಾ ಅನ್ನೋ ಆನ್‌ಲೈನ್ ಕಲಿಕಾ ತಾಣದಲ್ಲಿ ಅವರು ಪಾಠ ಮಾಡಿದ್ದಾರೆ. ಮಗಳ ಜೊತೆ ನೀವೂ ಕೂತು ನೋಡಿ.