ದೋಣಿಗೆ ಹೊದಿಸುವ ಕ್ಯಾನ್ವಾಸ್ ಸೋರುತ್ತಿದೆ, ಏನು ಬಳಿಯಬೇಕು?

ಮೀನಿನ ಹೊಂಡ, ಶ್ರೀರಂಗಪಟ್ಟಣ:
ನಮ್ಮ ಮೀನಿನ ಹೊಂಡದಲ್ಲಿ ಮೇವು ಹಾಕಲು ಒಂದು ಸಣ್ಣ ಫೈಬರ್ ದೋಣಿ ಇದೆ. ಹಿಂದುಗಡೆ ಮೋಟಾರ್ ಇದೆ. ಕೆಲಸ ಇಲ್ಲದಾಗ ದಡಕ್ಕೆ ಎಳೆದು ಹತ್ತಿಯ ಕ್ಯಾನ್ವಾಸ್ ಹೊದಿಸುತ್ತೇವೆ. ಈಚೆಗೆ ಜೋರು ಮಳೆ ಬಂದರೆ ಒಳಗೆಲ್ಲ ನೀರು. ಬಟ್ಟೆ ಮೇಲೆ ಕಪ್ಪು ಚುಕ್ಕೆ ಬೇರೆ. ಬ್ಲೀಚಿಂಗ್ ಪುಡಿಯಲ್ಲಿ ತೊಳೆದು ಮೇಣ ಬಳಿದರೆ ಸರಿಹೋಗುತ್ತದಾ?

ಇಲವಾಲದವನು:
ದೋಣಿಯನ್ನು ಬೋರಲು ಹಾಕಿಬಿಡಿ ಸಾರ್. ಇಲ್ಲಾಂದ್ರೆ ನೀಲಿ ಪ್ಲಾಸ್ಟಿಕ್ ಟಾರ್ಪಾಲು ತನ್ನಿ. ಸುಮ್ನೆ ಯಾಕೆ ತಲೆನೋವು?

ಟಾರ್ಪಾಲು ಕೆಲಸ, ಮಂಡ್ಯ:
ಮೋಟಾರ್ ಇರುವ ದೋಣಿಯನ್ನು ದಿನಾ ಬೋರಲು ಹಾಕುವುದು ಆಗದ ಮಾತು ಸ್ವಾಮಿ. ಪ್ಲಾಸ್ಟಿಕ್ ಹೊದಿಸಿದರೆ ಗಾಳಿಯಾಡುವುದಿಲ್ಲ, ಬೆಳಗ್ಗೆ ತೆಗೆದರೆ ಅಡಿಯೆಲ್ಲ ಬೆವರಿರುತ್ತದೆ. ಬಿಸಿಲಿಗೆ ಬೇಗ ಚೂರುಚೂರಾಗಿ ಉದುರುತ್ತದೆ. ಆ ಚೂರು ಹೋಗುವುದು ಹೊಂಡಕ್ಕೇ ಅಲ್ವಾ?

ನಾನು ಹೊಲಿಯುವುದು ಜಾಸ್ತಿ ಬೆಲ್ಲ, ಭತ್ತದ ಲಾರಿಗಳ ಟಾರ್ಪಾಲು. ದೋಣಿಯದ್ದು ಅಪರೂಪ. ಆದರೆ ಬಟ್ಟೆ ಅದೇ.

ಮೊದಲು ಎಲ್ಲಿ ಸೋರುತ್ತದೆ ಅಂತ ನೋಡಿ. ಹೊದಿಕೆ ಬಿಗಿದು ಕಟ್ಟಿ, ಮೇಲೆ ಒಂದು ಬಿಂದಿಗೆ ನೀರು ಸುರಿದು, ಅಡಿಯಿಂದ ಬ್ಯಾಟರಿ ಬಿಡಿ. ಎಷ್ಟೋ ಸಲ ಬಟ್ಟೆ ಗಟ್ಟಿಯಾಗೇ ಇರುತ್ತದೆ, ನೀರು ಬರುವುದು ಸೂಜಿ ತೂತಿನಿಂದ. ಹತ್ತಿ ದಾರ ನೆನೆದರೆ ಉಬ್ಬಿಕೊಂಡು ತೂತು ಮುಚ್ಚುತ್ತದೆ. ಪಾಲಿಯೆಸ್ಟರ್ ದಾರ ಹಾಗೆ ಉಬ್ಬುವುದಿಲ್ಲ. ಹೊಲಿಗೆ ಸಾಲಿಗೆ ಜೇನುಮೇಣದ ಗಟ್ಟಿ ಚೆನ್ನಾಗಿ ತಿಕ್ಕಿ, ಹೇರ್ ಡ್ರೈಯರ್ ಬಿಸಿ ಹಿಡಿಯಿರಿ. ಇಳಿದು ಕೂರುತ್ತದೆ.

ಬ್ಲೀಚಿಂಗ್ ಬೇಡವೇ ಬೇಡ, ನೂಲನ್ನೇ ತಿಂದುಹಾಕುತ್ತದೆ. ಬೂಷ್ಟು ಒಣಗಿದ ಮೇಲೆ ಬ್ರಶ್ಶಿನಿಂದ ಉದುರಿಸಿ, ವಿನಿಗರ್ ಬೆರೆಸಿದ ನೀರಿನಲ್ಲಿ ಒರೆಸಿ ಒಣಹಾಕಿ. ಕಲೆ ಪೂರ್ತಿ ಹೋಗುವುದಿಲ್ಲ, ಇರಲಿ ಬಿಡಿ, ಮದುವೆಗೆ ಹೊದ್ದುಕೊಂಡು ಹೋಗಬೇಕಾ? ಡಿಟರ್ಜೆಂಟ್ ಪುಡಿಯೂ ಬೇಡ. ಅದರ ಅಂಶ ಬಟ್ಟೆಯಲ್ಲಿ ಉಳಿದರೆ ನೀರನ್ನು ತಾನೇ ಒಳಗೆಳೆಯುತ್ತದೆ.

ಬಟ್ಟೆಯೇ ನೀರು ಹೀರುತ್ತಿದ್ದರೆ ಹಳೇ ಕಾಲದ ಸೋಪು–ಪಟಿಕದ ಉಪಾಯ ಇದೆ. 4 ಲೀಟರ್ ಬಿಸಿನೀರಿಗೆ 250 ಗ್ರಾಂನಷ್ಟು ಎಣ್ಣೆ ಸೋಪು (ಎಣ್ಣೆಯಿಂದ ಮಾಡಿದ್ದು, ಡಿಟರ್ಜೆಂಟ್ ಬಾರ್ ಅಲ್ಲ) ತುರಿದು ಕರಗಿಸಿ. ಅದರಲ್ಲಿ ಬಟ್ಟೆ ನೆನೆಸಿ, ಹಿಂಡಿ, ಒಣಗಿಸಿ. ಆಮೇಲೆ ಅಷ್ಟೇ ನೀರಿಗೆ ಅಷ್ಟೇ ಪಟಿಕ ಹಾಕಿ ಮತ್ತೆ ನೆನೆಸಿ. ಎರಡೂ ಸೇರಿ ನೀರಿನಲ್ಲಿ ಕರಗದ ಪದರ ನೂಲಿನ ಒಳಗೇ ಕಟ್ಟುತ್ತದೆ, ಗಾಳಿಯೂ ಆಡುತ್ತದೆ. ಹೊದಿಕೆ ದೊಡ್ಡದಿದ್ದರೆ ಇದೇ ಲೆಕ್ಕದಲ್ಲಿ ಹೆಚ್ಚಿಸಿಕೊಳ್ಳಿ. ಪಟಿಕ ಯಾವ ಗ್ರಂಥಿಗೆ ಅಂಗಡಿಯಲ್ಲಾದರೂ ಸಿಗುತ್ತದೆ.

ಮೀನಿನ ಹೊಂಡ, ಶ್ರೀರಂಗಪಟ್ಟಣ:
ಹೌದು ಅಣ್ಣ, ಹೋದ ವರ್ಷ ಪಾಲಿಯೆಸ್ಟರ್ ದಾರದಲ್ಲಿ ಹೊಲಿಸಿದ್ದೆ! ನೀರು ಅಲ್ಲಿಂದಲೇ ಬರುತ್ತಿದೆ. ಟರ್ಪೆಂಟೈನಿನಲ್ಲಿ ಮೇಣ ಕರಗಿಸಿ ಬಳಿಯುವುದು ಹೇಗೆ? ಬೂಷ್ಟಿಗೆ ಮೈಲುತುತ್ತ ಹೊಡೆಯಿರಿ ಅಂತ ಪಕ್ಕದ ತೋಟದವರು ಹೇಳುತ್ತಿದ್ದಾರೆ.

ಟಾರ್ಪಾಲು ಕೆಲಸ, ಮಂಡ್ಯ:
ಮೈಲುತುತ್ತ ಬೂಷ್ಟನ್ನು ತಡೆಯುತ್ತದೆ ನಿಜ, ಆದರೆ ಮೀನಿಗೆ ವಿಷ. ಹೊಂಡದ ಹತ್ತಿರ ಬೇಡ.

ಮೇಣ ಬಳಿದರೆ ನೀರು ಚೆನ್ನಾಗಿ ನಿಲ್ಲುತ್ತದೆ, ಆದರೆ ಬಟ್ಟೆ ಭಾರ, ಮಡಿಸುವುದು ಕಷ್ಟ. ಟರ್ಪೆಂಟೈನ್ ಬೆಂಕಿ ಹತ್ತುವ ವಸ್ತು, ಒಲೆ ಮೇಲೆ ಇಡಲೇಬೇಡಿ. ನಿಮಗೆ ಹೊಲಿಗೆಗೆ ಮೇಣ ತಿಕ್ಕಿದರೆ ಸಾಕು. ನಡುವೆ ಒಂದು ಬಿದಿರು ಕೊಟ್ಟು ಎತ್ತರಿಸಿ, ಮೇಲೆ ನೀರು ನಿಲ್ಲಬಾರದು. ಒದ್ದೆಯಿದ್ದಾಗ ಮಡಿಸಿಡಬೇಡಿ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿಯುವುದರೊಳಗೆ ಮುಗಿಸಿಕೊಳ್ಳಿ.

ಮುಂದೆ ಹೊಸದು ಹೊಲಿಸುವುದಾದರೆ ಮೋಟಾರ್ ಮೇಲೆತ್ತಿಟ್ಟು ಅಳತೆ ತೆಗೆಯಿರಿ. ಹತ್ತಿ ನೆನೆದರೆ ಕುಗ್ಗುತ್ತದೆ, ಅಳತೆ ಸ್ವಲ್ಪ ಸಡಿಲವಾಗೇ ಇರಲಿ.