ಪ್ರಾಥಮಿಕ ಶಿಕ್ಷಕ ಪದವಿಯ ಸಂದರ್ಶನ: ಏನು ಓದಲಿ, ಏನು ಹೇಳಲಿ?

ಪ್ರಶ್ನೆ: ನಮಸ್ಕಾರ ಗುರುಗಳೇ. ನಾನು ಇಂಡಿ ತಾಲ್ಲೂಕಿನವಳು, ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಪ್ರಾಥಮಿಕ ಶಾಲಾ ಶಿಕ್ಷಕಿಯಾಗಲು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರ ನಾಲ್ಕು ವರ್ಷದ ಸಂಯೋಜಿತ ಪದವಿಗೆ (ಪದವಿಯ ಓದು, ಶಿಕ್ಷಕ ತರಬೇತಿ ಎರಡೂ ಒಟ್ಟಿಗೆ) ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆ ಮುಗಿದು ಈಗ ಸಂದರ್ಶನಕ್ಕೆ ಕರೆ ಬಂದಿದೆ. ನಮ್ಮ ಕಡೆ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಸೇರಿದವರಿಗೆಲ್ಲ ಪಿಯುಸಿ ಅಂಕಗಳ ಮೇಲೆ ಸೀಟು ಸಿಕ್ಕಿದೆ, ಕೇಳಲು ಅನುಭವಸ್ಥರಿಲ್ಲ. ‘ಶಿಕ್ಷಕಿಯೇ ಏಕೆ?’ ಎಂದರೆ ‘ಮಕ್ಕಳೆಂದರೆ ಇಷ್ಟ’ ಎನ್ನುವುದರಾಚೆ ಮಾತು ಹೊಳೆಯುತ್ತಿಲ್ಲ. ಶಿಕ್ಷಣ ನೀತಿಯನ್ನು ಪೂರ್ತಿ ಓದಬೇಕೇ?

ಉತ್ತರ (ನಿವೃತ್ತ ಶಿಕ್ಷಕ ತರಬೇತುದಾರರು, ವಿಜಯಪುರ): ತಂಗಿ, ಮೊದಲು ನಿಮ್ಮೂರ ಸರ್ಕಾರಿ ಶಾಲೆಗೆ ಹೋಗು. ಮುಖ್ಯ ಗುರುಗಳ ಅನುಮತಿ ಪಡೆದು ಒಂದಷ್ಟು ದಿನ ತರಗತಿಯ ಹಿಂದೆ ಕುಳಿತುಕೋ. ಒಬ್ಬಿಬ್ಬರು ಮಕ್ಕಳನ್ನೇ ಗಮನಿಸು. ಮಕ್ಕಳೆಂದರೆ ಇಷ್ಟ ಎಂದು ಎಲ್ಲರೂ ಹೇಳುತ್ತಾರೆ. ನೀನು ಕಂಡ ಮಗುವಿನ ಬಗ್ಗೆ ನೀನೊಬ್ಬಳೇ ಹೇಳಬಲ್ಲೆ.

ಒಂದು ಉದಾಹರಣೆ. 52ರಲ್ಲಿ 17 ಕಳೆಯಲು ಹೇಳಿದರೆ ಎಷ್ಟೋ ಮಕ್ಕಳು 45 ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಗೆರೆ ಎಳೆಯುವ ಮೊದಲು ಯೋಚಿಸು. ಎರಡರಲ್ಲಿ ಏಳು ಹೋಗದು ಎಂದು ಮಗು ಏಳರಲ್ಲಿಯೇ ಎರಡನ್ನು ಕಳೆದಿದೆ. ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ತಾನೇ ಕಟ್ಟಿಕೊಂಡಿದೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ಹದಿನೇಳನ್ನು ತೆಗೆಯಲು ಹೇಳಿದರೆ, ಒಂದು ಕಟ್ಟನ್ನು ಬಿಚ್ಚಲೇಬೇಕೆಂದು ಅದರ ಕೈಗೇ ತಿಳಿಯುತ್ತದೆ. ಇಷ್ಟನ್ನು ವಿವರಿಸುವ ಅಭ್ಯರ್ಥಿಯ ಮಾತನ್ನು ಯಾವ ಸಂದರ್ಶಕರೂ ಕಿವಿಗೊಟ್ಟು ಕೇಳುತ್ತಾರೆ.

ನಮ್ಮ ಜಿಲ್ಲೆಯ ಸಂಗತಿಗಳೂ ನಿನ್ನ ಬಂಡವಾಳ. ಮನೆಯಲ್ಲಿ ಲಂಬಾಣಿ ಮಾತನಾಡುವ ತಾಂಡಾದ ಮಗು ಒಂದನೇ ತರಗತಿಗೆ ಬಂದಾಗ ಕನ್ನಡ ಅದಕ್ಕೆ ಹೊಸದು. ಈಗ ಕಬ್ಬಿನ ಕಟಾವಿನ ಕಾಲ; ತಂದೆತಾಯಿಯ ಜೊತೆ ಮಹಾರಾಷ್ಟ್ರದ ಕಡೆ ಹೋದ ಮಕ್ಕಳ ಜಾಗ ಖಾಲಿ ಇರುತ್ತದೆ. ಅವರು ಮರಳಿದಾಗ ಪಾಠವನ್ನು ಎಲ್ಲಿಂದ ಹಿಡಿಯಬೇಕು? ಯೋಚಿಸಿ ಹೋಗು. ಇಲ್ಲಿಯೇ ‘ನಲಿ-ಕಲಿ’ ನೆನಪಿಗೆ ಬರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನು ನಿಂತ ಮೆಟ್ಟಿಲಿನಿಂದ ಮುಂದುವರಿಯುತ್ತದೆ.

ನೀತಿಯನ್ನು ಪೂರ್ತಿ ಓದಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ 5+3+3+4 ರಚನೆ (ಶಾಲಾ ಕಲಿಕೆಯನ್ನು ಅಷ್ಟಷ್ಟು ವರ್ಷಗಳ ನಾಲ್ಕು ಹಂತಗಳಾಗಿ ಮಾಡಿರುವುದು), ಕನಿಷ್ಠ ಐದನೇ ತರಗತಿಯವರೆಗೆ ಸಾಧ್ಯವಾದಲ್ಲೆಲ್ಲ ಮನೆಮಾತಿನಲ್ಲಿ ಕಲಿಕೆ ಎಂಬ ಮಾತು, 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿರುವುದು, ಇಷ್ಟು ಸಾಕು.

ಮರುಪ್ರಶ್ನೆ: ಗುರುಗಳೇ, ಇಂಗ್ಲಿಷಿನಲ್ಲಿ ಕೇಳಿದರೆ ತಡವರಿಸುತ್ತೇನೆ.

ಉತ್ತರ: ಕನ್ನಡದಲ್ಲಿ ಉತ್ತರಿಸಬಹುದೇ ಎಂದು ಮುಂಚೆಯೇ ಪ್ರವೇಶ ವಿಭಾಗಕ್ಕೆ ಪತ್ರ ಬರೆದು ಕೇಳು. ಆಗದು ಎಂದರೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳು. ಬಾಯಿಪಾಠ ಮಾತ್ರ ಬೇಡ. ನಡುವೆ ಒಂದು ಮರುಪ್ರಶ್ನೆ ಬಂದರೆ ಕಂಠಪಾಠ ಅಲ್ಲಿಗೇ ಕಡಿದುಹೋಗುತ್ತದೆ. ಗುಂಪು ಚರ್ಚೆ ಇದ್ದರೆ ಇನ್ನೊಬ್ಬರ ಮಾತನ್ನು ಮುಗಿಯಗೊಟ್ಟು, ಅದನ್ನೇ ಹಿಡಿದು ಮುಂದೆ ಬೆಳೆಸು.

ಇನ್ನೊಬ್ಬ ಸದಸ್ಯರು (ಬೆಳಗಾವಿ): ಸರ್, ನನ್ನ ಮಗನೂ ಇಂಥದ್ದೇ ಕೋರ್ಸ್ ನೋಡುತ್ತಿದ್ದಾನೆ. ಬೇರೆ ಪದವಿ ಮಾಡಿ ಆಮೇಲೆ ಬಿ.ಇಡಿ. ಮಾಡಿದರೆ ಆಗದೇ?

ಉತ್ತರ: ಒಂದರಿಂದ ಐದನೇ ತರಗತಿಯ ಶಿಕ್ಷಕ ಹುದ್ದೆಗೆ ಬಿ.ಇಡಿ. ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ಆದ್ದರಿಂದ ಕೋರ್ಸಿಗೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ, ಅದು ಯಾವ ತರಗತಿಗಳ ಶಿಕ್ಷಕರನ್ನು ತಯಾರು ಮಾಡುತ್ತದೆ ಎಂದು ಶುಲ್ಕ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ತಂಗಿ, ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುತ್ತೀರಾ?’ ಎಂದರೆ, ಮೊದಲ ವರ್ಷದಲ್ಲೇ ಶಾಲೆಗೆ ಕಳಿಸುತ್ತೀರಾ ಎಂದು ನೀನೂ ಕೇಳು.